ಎಫ್‌ಎಂ2 ಮಾರಿದೆ, ಓಎಂ-1 ಇಟ್ಟುಕೊಂಡೆ: ಮೂರು ಹಳೇ ಫಿಲ್ಮ್ ಕ್ಯಾಮೆರಾಗಳು

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ನನ್ನ ಚೀಲದಲ್ಲಿ ಈಗ ಉಳಿದಿರುವುದು ಒಲಿಂಪಸ್ ಓಎಂ-1. ನಿಕಾನ್ ಎಫ್‌ಎಂ2 ಮಾರಿಬಿಟ್ಟೆ. ಪೆಂಟಾಕ್ಸ್ ಕೆ1000 ಗೆಳೆಯನದು, ಅವನ ಮನೆಗೆ ವಾಪಸ್ ಹೋಯಿತು. ಮೂರರಲ್ಲೂ ಒಂದೇ ಥರದ ಫಿಲ್ಮ್ ಹಾಕಿ, ಇದೇ ಬೆಂಗಳೂರಿನಲ್ಲಿ ತಿರುಗಾಡಿ ತೆಗೆದಿದ್ದೇನೆ. ಪ್ರಿಂಟ್ ಕೈಗೆ ಕೊಟ್ಟು ಯಾವುದು ಯಾವ ಕ್ಯಾಮೆರಾದ್ದು ಅಂತ ಕೇಳಿದರೆ ನನಗೇ ಹೇಳಲು ಬರುವುದಿಲ್ಲ. ಹಾಗಾಗಿ ಲೆನ್ಸ್ ಎಷ್ಟು ಶಾರ್ಪು, ಬಣ್ಣ ಹೇಗೆ ಬರುತ್ತದೆ ಅನ್ನುವ ಚರ್ಚೆ ಇಲ್ಲಿಲ್ಲ. ಕೈಗೆ, ಕಣ್ಣಿಗೆ, ಜೇಬಿಗೆ ಯಾವುದು ಹೊಂದಿತು ಅನ್ನುವುದಷ್ಟೇ ಮಾತು.

ಹಳೇ ಕ್ಯಾಮೆರಾ ತಗೋಬೇಕು ಅಂತ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಎಫ್‌ಎಂ2. ಸುಮ್ನೆ ಬಂದ ಹೆಸರಲ್ಲ ಅದು. 1982ರಲ್ಲಿ ಬಂದಾಗಲೇ ಅದರ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಸೆಕೆಂಡಿನ 4000ದ ಒಂದು ಭಾಗದಷ್ಟು ವೇಗಕ್ಕೆ ಓಡುತ್ತಿತ್ತು, ಅದೂ ಬ್ಯಾಟರಿಯ ಹಂಗಿಲ್ಲದೆ. ಮೊದಮೊದಲಿನವುಗಳ ಶಟರ್ ಟೈಟಾನಿಯಂ. ಹಿಂದಿನ ಬಾಗಿಲು ತೆಗೆದರೆ ಜೇನುಗೂಡಿನ ಚಿತ್ತಾರ ಕಾಣುತ್ತದೆ. ಅದನ್ನು ತೋರಿಸಿಯೇ ಬೆಲೆ ಏರಿಸುವವರಿದ್ದಾರೆ.

ಆದರೆ ಆ 4000 ನನಗೆ ಬೇಕಾ? ಲೆಕ್ಕ ಹಾಕಿ ನೋಡಿ. ಕೊಡಕ್ ಗೋಲ್ಡ್ 200 ಹಾಕಿದ್ದೀರಿ, ಮಟಮಟ ಮಧ್ಯಾಹ್ನ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/16ಕ್ಕೆ ಇಟ್ಟರೆ ಸೆಕೆಂಡಿನ 250ರ ಒಂದು ಭಾಗ ಸಾಕು. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್/8ಕ್ಕೆ ತೆರೆದರೆ 1000. ಓಎಂ-1, ಕೆ1000 ಎರಡೂ ಅಲ್ಲಿಗೇ ನಿಲ್ಲುತ್ತವೆ. ಅದೇ ಬಿಸಿಲಲ್ಲಿ ಎಫ್/4ಕ್ಕೆ ತೆರೆದು ಹಿಂದಿನದ್ದೆಲ್ಲ ಮಸುಕು ಮಾಡಬೇಕು ಅಂದರೆ ಮಾತ್ರ 4000 ಬೇಕು. ನಾನು ಆ ಹೊತ್ತಿನಲ್ಲಿ ಫೋಟೋ ತೆಗೆಯುವುದೇ ಕಡಿಮೆ, ತೆಗೆದರೂ ಎಫ್/8ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಬಳಸದ ವೇಗಕ್ಕೆ ದುಡ್ಡು ಕಟ್ಟಿದ ಹಾಗಾಯಿತು, ಅಲ್ವಾ?

ಎಫ್‌ಎಂ2 ಮಾರಲು ನಿಜವಾದ ಕಾರಣ ಮಾತ್ರ ಬೇರೆ. ನಾನು ಎಡಗಣ್ಣಿನಲ್ಲಿ ನೋಡಿ ಫೋಟೋ ತೆಗೆಯುವವನು, ಮೇಲೆ ಕನ್ನಡಕ ಬೇರೆ. ಎಫ್‌ಎಂ2ನಲ್ಲಿ ಫಿಲ್ಮ್ ಎಳೆಯುವ ಲಿವರ್ ಸ್ವಲ್ಪ ಹೊರಗೆ ಬಂದಿದ್ದರೆ ಮಾತ್ರ ಬೆಳಕು ಅಳೆಯುವ ಮೀಟರ್ ಕೆಲಸ ಮಾಡುತ್ತದೆ. ಒಳಗೆ ಒತ್ತಿಬಿಟ್ಟರೆ ಶಟರ್ ಬಟನ್ನೂ ಲಾಕ್. ಬಲಗಣ್ಣಿನವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಅವರ ಮುಖ ಲಿವರ್‌ನಿಂದ ಆಚೆ ಇರುತ್ತದೆ. ಎಡಗಣ್ಣಿಟ್ಟರೆ ಆ ಲಿವರಿನ ತುದಿ ಸೀದಾ ಬಲ ಹುಬ್ಬಿಗೆ ಬಂದು ಕೂರುತ್ತದೆ. ಕನ್ನಡಕದ ಗಾಜಿಗೆ ಟಕ ಟಕ ಅಂತ ಬಡಿಯುತ್ತದೆ. ಗಾಜಿನ ಮೇಲೆ ಗೆರೆ ಬಿದ್ದ ದಿನವೇ ಗಿರಾಕಿ ಹುಡುಕಲು ಶುರು ಮಾಡಿದೆ.

ಶಬ್ದದ ವಿಷಯವೂ ಇದೆ. ರಾಮನವಮಿಯ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಸಂಗೀತ ಕಚೇರಿಗಳಿಗೆ ಹೋಗುವ ಅಭ್ಯಾಸ ನನಗೆ. ತನಿ ಆವರ್ತನದಲ್ಲಿ, ಅಂದರೆ ಮೃದಂಗದವರ ಸರದಿಯಲ್ಲಿ, ಯಾವ ಕ್ಯಾಮೆರಾ ಆದರೂ ನಡೆಯುತ್ತದೆ. ಆಲಾಪನೆ ನಡೆಯುತ್ತಿರುವಾಗ ಎಫ್‌ಎಂ2 ಒತ್ತಿ ನೋಡಿ. ಲೋಹದ ಶಟರ್ ಟಕ್ ಅನ್ನುತ್ತದೆ, ಮುಂದಿನ ಸಾಲಿನ ಮಾಮ ತಿರುಗಿ ಒಂದು ನೋಟ ಬಿಡುತ್ತಾರೆ. ಓಎಂ-1ರಲ್ಲಿ ಬಟ್ಟೆಯ ಶಟರ್. ಒತ್ತಿದಾಗ ಒಳಗಿನ ಕನ್ನಡಿ ಮೇಲೇಳುವ ಹೊಡೆತ ತಗ್ಗಿಸಲು ಒಳಗೆ ಗಾಳಿಯ ಡ್ಯಾಂಪರ್ ಇಟ್ಟಿದ್ದಾರೆ. ಸದ್ದೇ ಇಲ್ಲ ಅಂತಲ್ಲ, ಆದರೆ ಯಾರೂ ತಿರುಗಿ ನೋಡುವುದಿಲ್ಲ.

ಕೆ1000 ಬಗ್ಗೆ ಜಾಸ್ತಿ ಹೇಳುವುದಿಲ್ಲ. 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ, ಕಲಿಯುವವರಿಗೆ ಅಂತಲೇ ಹೆಸರಾದದ್ದು. ಸೆಲ್ಫ್ ಟೈಮರ್ ಇಲ್ಲ. ಎಷ್ಟು ದೂರದವರೆಗೆ ಫೋಕಸ್ ಇದೆ ಅಂತ ಒತ್ತಿ ನೋಡುವ ಸೌಕರ್ಯವೂ ಇಲ್ಲ. ಮೀಟರ್‌ಗೆ ಸ್ವಿಚ್ಚೇ ಇಲ್ಲ, ಲೆನ್ಸ್ ಕ್ಯಾಪ್ ಹಾಕುವುದೇ ಆಫ್ ಮಾಡುವ ರೀತಿ. ಕ್ಯಾಪ್ ಹಾಕದೆ ಶೋಕೇಸಿನಲ್ಲಿಟ್ಟರೆ ಬ್ಯಾಟರಿ ತಾನಾಗೇ ಇಳಿಯುತ್ತದೆ. ಹಾಕುವುದು ಒಂದು ಎಲ್‌ಆರ್44, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೊದಲ ಕ್ಯಾಮೆರಾ ಅಂತ ಯಾರಾದರೂ ಕೇಳಿದರೆ ನಾನೂ ಇದನ್ನೇ ಹೇಳುತ್ತೇನೆ. ಓಎಂ-1 ಹಿಡಿದು ಅಭ್ಯಾಸವಾದ ಕೈಗೆ ಮಾತ್ರ ಇದು ದಪ್ಪ ಅನ್ನಿಸುತ್ತದೆ.

ಇನ್ನು ನನ್ನ ಓಎಂ-1. ಒಲಿಂಪಸ್‌ನ ಯೋಶಿಹಿಸಾ ಮೈತಾನಿ ಮತ್ತವರ ತಂಡ ರೂಪಿಸಿದ್ದು. 1972ರಲ್ಲಿ ಬಂದಾಗ ಹೆಸರು ಎಂ-1. ತಮ್ಮ ಕ್ಯಾಮೆರಾಗಳ ಹೆಸರೂ ಎಂ ಅಕ್ಷರದ್ದೇ ಅಂತ ಲೈಕಾದವರು ತಕರಾರು ತೆಗೆದರು, ಹಾಗಾಗಿ ಓಎಂ-1 ಆಯಿತು. ಎಸ್‌ಎಲ್‌ಆರ್ (ಕನ್ನಡಿಯ ಸಹಾಯದಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಅಂದರೆ ಇಟ್ಟಿಗೆಯಷ್ಟು ಇರಲೇಬೇಕು ಅಂತಿದ್ದ ಕಾಲದಲ್ಲಿ ಇಷ್ಟು ಚಿಕ್ಕದು ಮಾಡಿದರು. ಚಿಕ್ಕದು ಮಾಡಿಯೂ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಮಾತ್ರ ದೊಡ್ಡದಿಟ್ಟರು. ಕನ್ನಡಕದವನಿಗೆ ಇದಕ್ಕಿಂತ ಇನ್ನೇನು ಬೇಕು?

ಶಟರ್ ವೇಗ ಬದಲಿಸುವ ರಿಂಗ್ ಲೆನ್ಸಿನ ಬುಡದಲ್ಲೇ ಇದೆ. ಮುಂದೆ ಅಪರ್ಚರ್ ರಿಂಗ್, ನಡುವೆ ಫೋಕಸ್, ಹಿಂದೆ ಶಟರ್. ಎಲ್ಲವೂ ಎಡಗೈಗೆ. ಬಲಗೈಗೆ ಒತ್ತುವುದು, ಎಳೆಯುವುದು ಅಷ್ಟೇ ಕೆಲಸ. ಬೇರೆ ಕ್ಯಾಮೆರಾ ಬಳಸಿದವರು ಇದನ್ನು ಹಿಡಿದರೆ ಮೇಲಿನ ಗುಂಡಗಿನ ಡಯಲ್ಲೇ ಶಟರ್ ಅಂದುಕೊಳ್ಳುತ್ತಾರೆ. ಅದು ಫಿಲ್ಮಿನ ಎಎಸ್‌ಎ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ. ಇಟ್ಟ ವೇಗ ಎಷ್ಟು ಅಂತ ವ್ಯೂಫೈಂಡರ್ ಒಳಗೆ ಕಾಣುವುದಿಲ್ಲ. ಎಫ್‌ಎಂ2ನಲ್ಲಿ ಕಾಣುತ್ತದೆ, ಅದು ನಿಜ. ಆದರೆ ಬೆರಳಿಗೆ ಅಭ್ಯಾಸವಾದ ಮೇಲೆ ಒಳಗೆ ನೋಡಬೇಕು ಅನ್ನಿಸುವುದೂ ಇಲ್ಲ. ಮೀಟರ್‌ಗೆ ಎಡಗಡೆ ಪ್ರತ್ಯೇಕ ಸ್ವಿಚ್ ಇದೆ, ಹುಬ್ಬಿಗೂ ಮೀಟರಿಗೂ ಸಂಬಂಧವಿಲ್ಲ.

ಈಗ ಬ್ಯಾಟರಿ ಪುರಾಣಕ್ಕೆ ಬರುತ್ತೇನೆ.

ಓಎಂ-1 ಮಾಡಿದ್ದು ಪಾದರಸದ ಬ್ಯಾಟರಿ ಇದ್ದ ಕಾಲದಲ್ಲಿ. 625 ಅನ್ನುವ ಅಳತೆಯದು, 1.35 ವೋಲ್ಟ್. ಪಾದರಸ ವಿಷ ಅಂತ ಅದರ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಶಟರ್ ಓಡಲು ಬ್ಯಾಟರಿ ಬೇಕಿಲ್ಲ, ಮೀಟರಿಗೆ ಮಾತ್ರ ಬೇಕು. ನನಗೆ ಮಾರಿದವರು ಒಂದು ಎಲ್‌ಆರ್44ಗೆ ಅಡುಗೆಮನೆಯ ಫಾಯಿಲ್ ಸುತ್ತಿ ಗೂಡಿನೊಳಗೆ ತುರುಕಿ, ಮೀಟರಿನ ಮುಳ್ಳು ಅಲ್ಲಾಡುವುದನ್ನು ತೋರಿಸಿ, "ನೋಡಿ ಸಾರ್, ಮೀಟರ್ ಪಕ್ಕಾ ಇದೆ" ಅಂದಿದ್ದರು. ಮುಳ್ಳು ಅಲ್ಲಾಡಿದ್ದು ನಿಜವೇ. ಆದರೆ ಎಲ್‌ಆರ್44 ಹೊಸದಿದ್ದಾಗ 1.5 ವೋಲ್ಟ್ ಕೊಡುತ್ತದೆ. ಈ ಮೀಟರಿಗೆ ಅದು ಹೆಚ್ಚು. ರಾತ್ರಿ ಹತ್ತರ ಮೇಲಿನ ಆಟೋದ ಹಾಗೆ ಒಂದೂವರೆ ಮೀಟರ್ ತೋರಿಸುತ್ತದೆ. ಇರುವುದಕ್ಕಿಂತ ಬೆಳಕು ಜಾಸ್ತಿ ಇದೆ ಅನ್ನುತ್ತದೆ, ನಾವು ನಂಬಿ ಅಪರ್ಚರ್ ಮುಚ್ಚುತ್ತೇವೆ, ಫಿಲ್ಮಿಗೆ ಬೆಳಕು ಸಾಲುವುದಿಲ್ಲ. ಮೊದಲ ರೋಲು ತೊಳೆದು ಬಂದಾಗ ನೆಗೆಟಿವ್ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳ್ಳಗಿತ್ತು. ಮಾರ್ಕೆಟ್ಟಿನ ಹೂವಿನವರ ಮುಖಗಳೆಲ್ಲ ಬೂದು ಬಣ್ಣ.

ಹೆಚ್ಚಾದಷ್ಟನ್ನು ಎಎಸ್‌ಎ ಡಯಲ್‌ನಲ್ಲಿ ಸರಿ ಮಾಡಿಕೊಳ್ಳಿ ಅನ್ನುತ್ತಾರೆ ಕೆಲವರು. ಆಗುವ ಮಾತಲ್ಲ. ಈ ವ್ಯತ್ಯಾಸ ಬಿಸಿಲಲ್ಲಿ ಒಂದು, ನೆರಳಲ್ಲಿ ಇನ್ನೊಂದು. ಮೇಲೆ ಆಲ್ಕಲೈನ್ ಬ್ಯಾಟರಿಯ ವೋಲ್ಟೇಜ್ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಪಾದರಸದ್ದು ಹಾಗಲ್ಲ, ಸಾಯುವ ತನಕ 1.35ರ ಹತ್ತಿರವೇ ನಿಂತಿರುತ್ತಿತ್ತು.

ಹಾಗಾದರೆ ದಾರಿ? ಕಿವಿ ಕೇಳಿಸದವರ ಮೆಷಿನ್ನಿಗೆ ಹಾಕುವ ಬ್ಯಾಟರಿ. ಅದು ಜಿಂಕ್ ಏರ್, ಸುಮಾರು 1.4 ವೋಲ್ಟ್, ಬಹಳ ಹತ್ತಿರ. ಅಳತೆ 675, ನೀಲಿ ಸ್ಟಿಕ್ಕರಿನದು. ಜಯನಗರದಲ್ಲಿ ಹಿಯರಿಂಗ್ ಏಡ್ ಅಂಗಡಿಗೆ ಹೋಗಿ ಕೇಳಿದೆ.

"ಯಾರಿಗೆ ಸಾರ್, ತಂದೆಯವರಿಗಾ?"

"ಇಲ್ಲ, ಕ್ಯಾಮೆರಾಗೆ."

"ಅದಕ್ಕೂ ಕಿವಿ ಕೇಳಿಸಲ್ವಾ?"

ಬ್ಯಾಟರಿ ಸಿಕ್ಕಿತು. ಆದರೆ 675 ಅಗಲದಲ್ಲಿ ಚಿಕ್ಕದು, 11.6 ಮಿಲಿಮೀಟರ್. ಗೂಡು 15.6ರದ್ದು. ಒಳಗೆ ಹಾಕಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಎಸ್‌ಪಿ ರಸ್ತೆ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ 2 ಮಿಲಿಮೀಟರ್ ದಪ್ಪದ ರಬ್ಬರ್ ಓ-ರಿಂಗ್ ಆರಿಸಿ, ಬ್ಯಾಟರಿಯ ಸುತ್ತ ತೊಡಿಸಿದೆ. ನಲ್ಲಿಯ ವಾಷರ್‌ಗಳ ಡಬ್ಬದಲ್ಲೇ ಇತ್ತು, ಚಿಲ್ಲರೆ ಕಾಸು. ಕ್ಯಾಮೆರಾದ ತಳದ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ, ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು, ಹಾಕಿದರೆ ಸರಿಯಾಗಿ ಕೂರುತ್ತದೆ. ಮೀಟರ್ ಹೇಳಿದ್ದನ್ನು ಈಗ ನಂಬಬಹುದು.

ಇಲ್ಲಿಗೇ ಮುಗಿಯಲಿಲ್ಲ. ಸ್ಟಿಕ್ಕರ್ ಕಿತ್ತ ಕ್ಷಣದಿಂದ ಬ್ಯಾಟರಿಯೊಳಗೆ ಗಾಳಿ ಹೋಗಲು ಶುರು. ಕ್ಯಾಮೆರಾ ಬಳಸಿದರೂ ಅಷ್ಟೇ, ಬೀರುವಿನಲ್ಲಿಟ್ಟರೂ ಅಷ್ಟೇ, ಒಂದೆರಡು ತಿಂಗಳಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಮಾರ್ಚ್‌ನ ಒಣ ಹವೆಯಲ್ಲಿ ಇನ್ನೂ ಬೇಗ. ಹಾಗಾಗಿ ಚೀಲದಲ್ಲಿ ಯಾವಾಗಲೂ ಸ್ಟಿಕ್ಕರ್ ಕೀಳದ ಬ್ಯಾಟರಿಗಳ ಒಂದು ಸ್ಟ್ರಿಪ್ ಇಟ್ಟಿರುತ್ತೇನೆ. ಒಳಗೆ ಒಂದು ಡಯೋಡ್ ಬೆಸುಗೆ ಹಾಕಿಸಿದರೆ ಮಾಮೂಲಿ ಸಿಲ್ವರ್ ಆಕ್ಸೈಡ್ ಬ್ಯಾಟರಿಯೇ ನಡೆಯುತ್ತದೆ, ರಿಪೇರಿಯವರು ಮಾಡಿಕೊಡುತ್ತಾರೆ. ವೋಲ್ಟೇಜ್ ಇಳಿಸುವ ಅಡಾಪ್ಟರ್ ಹೊರದೇಶದಿಂದ ತರಿಸಬಹುದು. ಎರಡೂ ಸರಿಯಾದ ದಾರಿಗಳೇ. ನಾನು ಮಾಡಿಸಿಲ್ಲ. ಓ-ರಿಂಗ್ ಕೆಲಸ ಮಾಡುತ್ತಿದೆ, ಆ ದುಡ್ಡಿಗೆ ಎರಡು ರೋಲು ಬರುತ್ತದೆ.

ಇನ್ನೊಂದು ಮಾತು. ಈ ರಗಳೆಯಿಂದಲೇ ಮೀಟರ್ ನೋಡದೆ ತೆಗೆಯುವುದು ರೂಢಿಯಾಯಿತು. ಬಿಸಿಲಿದ್ದರೆ ಎಫ್/16, ಫಿಲ್ಮಿನ ಎಎಸ್‌ಎಗೆ ಹತ್ತಿರದ ಶಟರ್ ವೇಗ. ತೆಳು ಮೋಡಕ್ಕೆ ಎಫ್/11. ಆಷಾಢದಲ್ಲಿ ದಿನವಿಡೀ ನೆರಳೇ ಬೀಳದ ಹಾಗೆ ಮೋಡ ಕವಿದಿರುತ್ತದಲ್ಲ, ಅದಕ್ಕೆ ಎಫ್/8 ಇಲ್ಲಾ ಎಫ್/5.6. ಲಾಲ್‌ಬಾಗಿನ ಮರಗಳ ಕೆಳಗೆ ಹೋದರೆ ಇನ್ನೂ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು) ತೆರೆಯಿರಿ. ಕಲರ್ ನೆಗೆಟಿವ್ ಸ್ವಲ್ಪ ಜಾಸ್ತಿ ಬೆಳಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಮಾತ್ರ ಕ್ಷಮಿಸುವುದಿಲ್ಲ. ಅನುಮಾನ ಬಂದಾಗ ತೆರೆಯುವುದೇ ಒಳ್ಳೆಯದು.

ಎಫ್‌ಎಂ2 ನಿಜವಾಗಿ ಗೆಲ್ಲುವುದು ಕತ್ತಲಲ್ಲಿ. ಅದರ ಒಳಗೆ ಬೆಳಕು ಜಾಸ್ತಿ, ಸರಿ, ಕಡಿಮೆ ಅನ್ನಲು ಪ್ಲಸ್, ಸೊನ್ನೆ, ಮೈನಸ್ ಅಂತ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಓಎಂ-1ರ ಮುಳ್ಳು ಕತ್ತಲಲ್ಲಿ ಕಾಣುವುದೇ ಇಲ್ಲ. ಕಡಲೆಕಾಯಿ ಪರಿಷೆಯಲ್ಲಿ ಸಂಜೆ ಆದ ಮೇಲೆ, ಬುಲ್ ಟೆಂಪಲ್ ರಸ್ತೆಯ ಗಾಡಿಗಳ ಬಲ್ಬಿನ ಬೆಳಕಲ್ಲಿ, ಮುಳ್ಳು ಎಲ್ಲಿದೆ ಅಂತ ಹುಡುಕಿ ಸಾಕಾಗಿ ಫೋನಿನ ಮೀಟರ್ ಆ್ಯಪ್ ತೆಗೆದಿದ್ದೇನೆ. ರಾತ್ರಿಯ ಬೀದಿಯೇ ನಿಮ್ಮ ವಿಷಯ ಆಗಿದ್ದು, ನೀವು ಬಲಗಣ್ಣಿನವರಾದರೆ ಎಫ್‌ಎಂ2 ತಗೊಳ್ಳಿ. ಮನೆಯಲ್ಲಿ ಹಿರಿಯರ ಹಳೇ ನಿಕಾನ್ ಲೆನ್ಸ್ ಇದ್ದರೆ ಮಾತ್ರ ಹುಷಾರು. 1977ಕ್ಕಿಂತ ಹಿಂದಿನದನ್ನು ಮಾರ್ಪಾಡು ಮಾಡಿಸದೆ ಎಫ್‌ಎಂ2ಗೆ ತಿರುಗಿಸಬೇಡಿ, ಲೆನ್ಸ್ ಕೂರುವ ಮೌಂಟಿನ ಪಕ್ಕದ ಕೊಂಡಿ ಮುರಿಯಬಹುದು.

ದುಡ್ಡಿನ ವಿಷಯ. ರೋಲು, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿಸಿದರೆ ಒಂದು ಕ್ಲಿಕ್ಕಿಗೆ ನನಗೆ 40 ರೂಪಾಯಿ ಆಚೀಚೆ ಬೀಳುತ್ತಿದೆ. ಹೀಗಿರುವಾಗ ಕ್ಯಾಮೆರಾ ಮೇಲೆ ಸುರಿಯುವ ಒಂದೊಂದು ಸಾವಿರವೂ ಒಂದೊಂದು ರೋಲು ಕಡಿಮೆ. ಎಫ್‌ಎಂ2 ಮಾರಿದ ದುಡ್ಡಿನಲ್ಲಿ ಓಎಂ-1ಕ್ಕೆ ಕೊಟ್ಟದ್ದು ವಾಪಸ್ ಬಂತು, ಫ್ರಿಜ್ಜಿನ ಬಾಗಿಲ ತುಂಬ ಫಿಲ್ಮೂ ಬಂತು. ಮೊಟ್ಟೆ ಇಡುವ ಜಾಗ ಹೋಯಿತು ಅಂತ ಮನೆಯಲ್ಲಿ ಗೊಣಗಾಟ ಇದೆ.

ಓಎಂ-1 ನೋಡಲು ಹೋಗುವವರು ಮೊದಲು ವ್ಯೂಫೈಂಡರ್ ಒಳಗೆ ನೋಡಿ. ಕಂದು ಗೆರೆಯೋ ಕಲೆಯೋ ಕಂಡರೆ ಪ್ರಿಸಂ (ವ್ಯೂಫೈಂಡರಿಗೆ ಚಿತ್ರ ತಿರುಗಿಸಿ ಕೊಡುವ ಗಾಜು) ಮೇಲಿನ ಫೋಮ್ ಕೊಳೆತು ಬೆಳ್ಳಿಯ ಲೇಪ ತಿಂದಿದೆ ಅಂತ ಅರ್ಥ, ಅದು ದುಬಾರಿ ರಿಪೇರಿ. ಹಿಂದಿನ ಬಾಗಿಲಿನ ಫೋಮ್ ಅಂಟು ಅಂಟಾಗಿದ್ದರೆ ಹೆದರಬೇಡಿ, ಬದಲಿಸಬಹುದು. ಲೆನ್ಸನ್ನು ಟಾರ್ಚ್ ಹಿಡಿದು ನೋಡಿ, ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿಯದೆ ಉಳಿದದ್ದೇ ಪುಣ್ಯ. ತಳದ ಮುಚ್ಚಳ ತೆಗೆದು ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯಾ ಅಂತ ನೋಡಿ. ಇದ್ದರೆ ಮೀಟರ್ ಸತ್ತಿರಬಹುದು, ಆ ಮಾತು ಎತ್ತಿ ಬೆಲೆ ಇಳಿಸಿ ಕೇಳಿ. ಪ್ರಿಸಂ ಸ್ವಚ್ಛವಾಗಿದ್ದು ಶಟರ್ ಸರಿಯಿದ್ದರೆ, ಮೀಟರ್ ಸತ್ತದ್ದನ್ನೂ ನಾನಾದರೆ ತಗೊಳ್ಳುತ್ತೇನೆ.