ಮೈನ್‌ಕ್ರಾಫ್ಟ್ ಪ್ಲಗಿನ್: ಹಳೇ ಆನ್‌ಕಮಾಂಡೋ, ಬ್ರಿಗೇಡಿಯರೋ?

ಬೆಳಗಾವಿಯ ಹಾಸ್ಟೆಲಿನಲ್ಲಿ ಪೇಪರ್ (ಪ್ಲಗಿನ್ ಹಾಕಬಹುದಾದ ಮೈನ್‌ಕ್ರಾಫ್ಟ್ ಸರ್ವರ್ ತಂತ್ರಾಂಶ) ಸರ್ವರ್ ನಡೆಸಿ, ಅದಕ್ಕೆ ಪ್ಲಗಿನ್ ಬರೆಯುವವರು ಮೊದಲು ಅದರ ಕಮಾಂಡುಗಳನ್ನು ಎಣಿಸಿ. ಮೂರ‍್ನಾಲ್ಕೇ ಇದ್ದರೆ ಆನ್‌ಕಮಾಂಡ್ (onCommand, ಕಮಾಂಡುಗಳನ್ನು ನಿಭಾಯಿಸುವ ಹಳೇ ವಿಧಾನ) ಸಾಕು. ಸ್ಪಿಗಾಟ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶದಲ್ಲೂ ಪ್ಲಗಿನ್ ಓಡಬೇಕಿದ್ದರೂ ಅದೇ. ಆದರೆ ಆನ್‌ಕಮಾಂಡ್‌ನಲ್ಲಿ ಆಟಗಾರ ಟೈಪಿಸಿದ್ದೆಲ್ಲವೂ ಬರೀ ಸ್ಟ್ರಿಂಗ್ (ಪಠ್ಯ): ಸಂಖ್ಯೆಯ ಜಾಗದಲ್ಲಿ ‘ಹತ್ತು’ ಎಂದು ಟೈಪಿಸಿದರೆ ಪಠ್ಯವನ್ನು ಸಂಖ್ಯೆಯಾಗಿಸುವ ಪಾರ್ಸ್‌ಇಂಟ್ ಎಕ್ಸೆಪ್ಷನ್ (ದೋಷ) ಎಸೆಯುತ್ತದೆ, ತಪಾಸಣೆ ನೀವೇ ಬರೆಯಬೇಕು. ಮೈನ್‌ಕ್ರಾಫ್ಟ್‌ನದೇ ಕಮಾಂಡ್ ಲೈಬ್ರರಿಯಾದ ಬ್ರಿಗೇಡಿಯರ್‌ನಲ್ಲಿ ಸಂಖ್ಯೆಗೆ 1ರಿಂದ 64 ಎಂದು ಮಿತಿ ಹಾಕಿದರೆ, ಎಂಟರ್ ಒತ್ತುವ ಮೊದಲೇ ತಪ್ಪು ಕೆಂಪಾಗಿ ಕಾಣುತ್ತದೆ. ಉಪಕಮಾಂಡುಗಳು ಹೆಚ್ಚಿದ್ದರೆ ಇದೇ ಮೇಲು.

ಅಕ್ಷರಕ್ಕೆ ಬಣ್ಣ ಹಾಕುವ ವಿಧಾನವನ್ನಂತೂ ಇವತ್ತೇ ಬದಲಿಸಿ. ಹಳೇ ಚಾಟ್‌ಕಲರ್‌ನಲ್ಲಿ ಬೋಲ್ಡ್ ಆದಮೇಲೆ ಬಣ್ಣ ಬಂದರೆ ಬೋಲ್ಡ್ ಅಳಿಸಿಹೋಗುತ್ತದೆ. ಟ್ಯಾಗ್‌ಗಳಿಂದ ಬಣ್ಣ ಹಾಕುವ ಹೊಸ ಮಿನಿಮೆಸೇಜ್‌ನಲ್ಲಿ ಎರಡೂ ಉಳಿಯುತ್ತವೆ. ಒಂದೇ ಎಚ್ಚರ: ಆಟಗಾರ ಬರೆದ ಪಠ್ಯವನ್ನು ನೇರವಾಗಿ ಟೆಂಪ್ಲೇಟಿಗೆ ಜೋಡಿಸಬೇಡಿ. ಅವನು ಕ್ಲಿಕ್ ಟ್ಯಾಗ್ ತುರುಕಿದರೆ, ಅದನ್ನು ಒತ್ತಿದ ಅಡ್ಮಿನ್ ಹೆಸರಲ್ಲೇ ಕಮಾಂಡ್ ಓಡಬಹುದು. ಬದಲಿಗೆ, ಪಠ್ಯವನ್ನು ಟ್ಯಾಗ್ ಎಂದು ಓದದೆ ಹಾಗೇ ತೋರಿಸುವ ಪ್ಲೇಸ್‌ಹೋಲ್ಡರ್‌ನ ಅನ್‌ಪಾರ್ಸ್ಡ್ (Placeholder.unparsed) ಬಳಸಿ.