ತೋಟದ ಮೋಟರ್‌ಗೆ 4ಜಿ ಮೊಬೈಲ್ ಸ್ಟಾರ್ಟರ್: ಆ್ಯಪ್ ನೋಡಿ ಮರುಳಾಗಬೇಡಿ

ಬೋರ್‌ವೆಲ್ ಮೋಟರನ್ನು ಮನೆಯಲ್ಲಿ ಕೂತೇ ಆನ್-ಆಫ್ ಮಾಡುವ 4ಜಿ ಸ್ಟಾರ್ಟರ್‌ಗಳು ಈಗ ತಾಲ್ಲೂಕು ಕೇಂದ್ರದ ಪಂಪ್‌ಸೆಟ್ ಅಂಗಡಿಗಳಲ್ಲೂ ಸಿಗುತ್ತವೆ. ನಡುರಾತ್ರಿ ತ್ರೀಫೇಸ್ ಕೊಡುವ ಕಡೆ ನಿಜಕ್ಕೂ ಉಪಕಾರದ ಸಾಮಾನು. ಅಂಗಡಿಯವರು ಮೊದಲು ತೋರಿಸುವುದು ಆ್ಯಪ್‌ನ ಬಣ್ಣಬಣ್ಣದ ಗ್ರಾಫ್. ಹಾಕಿದ ದುಡ್ಡು ಹುಟ್ಟುವುದು ಮಾತ್ರ ನೀರಿಲ್ಲದಾಗ ಮೋಟರ್ ನಿಲ್ಲಿಸುವ ಡ್ರೈ ರನ್ ರಕ್ಷಣೆಯಿಂದ. ಬೋರ್ ಬತ್ತಿದ ಮೇಲೂ ಮೋಟರ್ ಓಡಿದರೆ ತಂಪಿಗೆ ನೀರಿಲ್ಲದೆ ಬುಷ್ ಸವೆದು ವೈಂಡಿಂಗ್ ಸುಡುತ್ತದೆ. ಪೈಪ್ ಎತ್ತಿಸಿ ಇಳಿಸುವ ಖರ್ಚು ಬೇರೆ.

ನೀರು ನಿಂತರೆ ಪಂಪ್ ಎಳೆಯುವ ಆಂಪ್ಸ್ ಇಳಿಯುತ್ತದೆ. ಒಂದು ಫೇಸ್ ವೈರ್‌ಗೆ ಸುತ್ತುವರಿದ ಸಿಟಿ ಕಾಯಿಲ್ (ಕರೆಂಟ್ ಅಳೆಯುವ ಬಳೆ) ಅದನ್ನು ಅಳೆಯುತ್ತದೆ, ಮಿತಿಗಿಂತ ಕೆಳಗಿಳಿದರೆ ಸ್ಟಾರ್ಟರ್ ಮೋಟರ್ ನಿಲ್ಲಿಸುತ್ತದೆ. ಮೋಟರ್ 12 ಆಂಪ್ಸ್ ಎಳೆಯುತ್ತಿದ್ದರೆ ಡ್ರೈ ರನ್ ಮಿತಿ 9ರ ಆಸುಪಾಸು ಇರಲಿ. ಎಡವಟ್ಟಾಗುವುದು ಡ್ರಿಪ್ ಇರುವ ತೋಟದಲ್ಲಿ. ಎಲ್ಲ ಗೇಟ್‌ವಾಲ್ವ್ ತೆರೆದು ಅಳತೆ ತೆಗೆದುಕೊಂಡರೆ, ಸಣ್ಣ ಸೆಕ್ಷನ್ ಒಂದೇ ತೆರೆದ ದಿನ ಆಂಪ್ಸ್ ತಾನಾಗಿ ತಗ್ಗಿ, ನೀರಿದ್ದರೂ ‘ಡ್ರೈ ರನ್’ ಎಂದು ಮೆಸೇಜ್ ಬರುತ್ತದೆ. ಅತಿ ಚಿಕ್ಕ ಸೆಕ್ಷನ್ ಓಡಿಸಿಯೇ ಮಿತಿ ಹಾಕಿ. ಮೋಟರನ್ನು ಮೊದಲು ಕಡಿಮೆ ಕರೆಂಟಿನಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆದರೆ ಸಿಟಿಯನ್ನು ಒಳಬರುವ ಲೈನ್‌ಗೇ ಹಾಕಿಸಿ. ಮೋಟರ್‌ಗೆ ಹೋಗುವ ಆರು ವೈರ್‌ಗಳಲ್ಲಿ ಒಂದಕ್ಕೆ ಹಾಕಿದರೆ ಲೈನ್ ಕರೆಂಟಿನ ಶೇ. 58ರಷ್ಟೇ ಕಾಣಿಸುತ್ತದೆ.

ವೈರಿಂಗ್ ಕಷ್ಟದ್ದಲ್ಲ. 4ಜಿ ಪೆಟ್ಟಿಗೆಯ ಆನ್ ರಿಲೇ (ಒಳಗಿನ ಸ್ವಿಚ್) ಮಾಮೂಲಿ ಸ್ಟಾರ್ಟರಿನ ಹಸಿರು ಬಟನ್‌ಗೆ ಪ್ಯಾರಲಲ್, ಆಫ್ ರಿಲೇ ಕೆಂಪು ಬಟನ್‌ಗೆ ಸೀರೀಸ್, ಅಷ್ಟೇ. ಜೋಡಿಸಿದವರು ಹೊರಡುವ ಮುನ್ನ ಫೋನಿನಿಂದ ಮೋಟರ್ ಆನ್ ಮಾಡಿ ಕೈಯಿಂದ ಕೆಂಪು ಬಟನ್ ಒತ್ತಿ ನೋಡಿ. ನಿಲ್ಲದಿದ್ದರೆ ಸರ್ಕ್ಯೂಟ್ ಕೆಂಪು ಬಟನ್ ದಾಟಿ ಹೋಗಿದೆ. ಓವರ್‌ಲೋಡ್ ರಿಲೇಯೂ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವುದು) ಲೆಕ್ಕಕ್ಕಿಲ್ಲದಂತೆ ಆಗಿರಬಹುದು. ಆ್ಯಂಟೆನಾ ಕಬ್ಬಿಣದ ಪೆಟ್ಟಿಗೆಯ ಒಳಗಿದ್ದರೆ ಸಿಗ್ನಲ್ ಸಿಗದು, ಹೊರಗೆ ಎತ್ತರಕ್ಕೆ ಕಟ್ಟಿಸಿ.

ಇನ್ನು ಇಂಟರ್‌ನೆಟ್ ವಿಷಯ. ಆ್ಯಪ್ ನಡೆಯುವುದು ಕಂಪನಿಯ ಸರ್ವರ್ ಮೂಲಕ. ಸರ್ವರ್ ಮಲಗಿದರೂ, ವರ್ಷದ ಚಂದಾ ಮುಗಿದರೂ ಆ್ಯಪ್ ಕೆಲಸಕ್ಕೆ ಬಾರದು. ಹಾಗಾಗಿ ಕಾಲ್ ಮತ್ತು ಎಸ್‌ಎಂಎಸ್‌ನಿಂದಲೂ ನಡೆಯುವ ಮಾದರಿಯನ್ನೇ ಕೊಳ್ಳಿ. ಕೆಲವು 4ಜಿ ಬೋರ್ಡ್‌ಗಳಲ್ಲಿ ಡೇಟಾ ಮಾತ್ರ ಇರುತ್ತದೆ, ಕಾಲ್ ಇರುವುದಿಲ್ಲ. ಕೇಳದೆ ದುಡ್ಡು ಕೊಡಬೇಡಿ. ಅಗ್ಗಕ್ಕೆ ಸಿಗುವ ಹಳೆಯ 2ಜಿ ಪೆಟ್ಟಿಗೆಯಲ್ಲಿ ಜಿಯೋ ಸಿಮ್ ನಡೆಯುವುದೇ ಇಲ್ಲ. ಪೆಟ್ಟಿಗೆಯೊಳಗಿನ ಸಿಮ್‌ಗೂ ರೀಚಾರ್ಜ್ ಬೇಕೆಂಬುದು ಎಷ್ಟೋ ಮನೆಗಳಲ್ಲಿ ನೆನಪಾಗುವುದು ಬೆಳೆ ಬಾಡಿದ ಮೇಲೆ.

ಪವರ್ ಬಂದೊಡನೆ ತಾನೇ ಓಡುವ ಆಟೋ ಮೋಡ್‌ನಲ್ಲಿ ಡಿಲೇ ಇಡಲೇಬೇಕು. ಸ್ಟಾರ್-ಡೆಲ್ಟಾ ಇಲ್ಲದ ಮೋಟರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೇಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಎದ್ದರೆ ಫ್ಯೂಸ್ ಹಾರದೆ ಇನ್ನೇನು? ಅಕ್ಕಪಕ್ಕದ ತೋಟದವರು ಮಾತಾಡಿಕೊಂಡು ಒಬ್ಬರು 1 ನಿಮಿಷ, ಇನ್ನೊಬ್ಬರು 3, ಮತ್ತೊಬ್ಬರು 5 ಎಂದು ಹಂಚಿಕೊಳ್ಳಲಿ.

ರಿಪೇರಿಗೆ ಪ್ಯಾನಲ್ ತೆರೆಯುವಾಗ ಆ್ಯಪ್‌ನಲ್ಲಿ ಆಫ್ ಮಾಡಿದ್ದನ್ನು ನಂಬಬೇಡಿ. ಮನೆಯಲ್ಲಿ ಇನ್ನೊಬ್ಬರ ನಂಬರೂ ರಿಜಿಸ್ಟರ್ ಆಗಿರುತ್ತದೆ. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೇ ಕೈ ಹಾಕಿ.