ಫೋರ್ಡ್ 8ಎನ್ ಟ್ರ್ಯಾಕ್ಟರ್: ಎಂಜಿನ್ ಕಾದರೆ ರೇಡಿಯೇಟರ್ ಒಂದನ್ನೇ ದೂರಬೇಡಿ

ಊರಿನಲ್ಲಿ ಡೀಸೆಲ್ ಟ್ರ್ಯಾಕ್ಟರ್ ಓಡಿಸಿ ಬಂದವರಿಗೆ ಈ ಗಾಡಿಯ ಸ್ವಭಾವವೇ ಬೇರೆ. 1947ರಿಂದ 1952ರವರೆಗೆ ಅಮೆರಿಕದಲ್ಲಿ ತಯಾರಾದ 8ಎನ್ ಪೆಟ್ರೋಲಿನಲ್ಲಿ ಓಡುತ್ತದೆ. ಇಂಜೆಕ್ಷನ್ ಪಂಪ್ ಇಲ್ಲ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರ್ ಇದೆ. ಬ್ಯಾಟರಿ 6 ವೋಲ್ಟ್, ಅದರಲ್ಲೂ ಪಾಸಿಟಿವ್ ಅರ್ಥಿಂಗ್, ಅಂದರೆ ಪ್ಲಸ್ ತುದಿಯೇ ಗಾಡಿಯ ಮೈಗೆ. ಪೆನ್ಸಿಲ್ವೇನಿಯಾದ ನಮ್ಮ ಜಮೀನಿನಲ್ಲಿ ಹುಲ್ಲು ಕತ್ತರಿಸಲು ಇದನ್ನು ವರ್ಷಗಳಿಂದ ಬಳಸುತ್ತಿದ್ದೇನೆ.

ಬೇಸಿಗೆಯಲ್ಲಿ ಎತ್ತರದ ಹುಲ್ಲಿಗೆ ನುಗ್ಗಿದರೆ ಎಂಜಿನ್ ಬೇಗ ಕಾಯುತ್ತದೆ. ಕೇಳಿದವರೆಲ್ಲ ರೇಡಿಯೇಟರ್ ಬದಲಿಸಲು ಹೇಳಿದರು. ನಾನು ಕಾರ್ಬುರೇಟರ್ ನೋಡಿ ಎನ್ನುತ್ತೇನೆ. ತಳದ ಮುಖ್ಯ ನೀಡಲ್ (ಪೆಟ್ರೋಲಿನ ಹರಿವನ್ನು ಹೊಂದಿಸುವ ಸ್ಕ್ರೂ) ಹೆಚ್ಚು ಬಿಗಿಯಾಗಿದ್ದರೆ ಪೆಟ್ರೋಲ್ ಸಾಲದು. ಖಾಲಿ ಓಡುವಾಗ ದೋಷ ಗೊತ್ತೇ ಆಗುವುದಿಲ್ಲ. ಭಾರ ಬಿದ್ದೊಡನೆ ಶಕ್ತಿ ಕುಸಿಯುತ್ತದೆ, ಕಾರ್ಬುರೇಟರಿನಲ್ಲೇ ಪಟಪಟ ಸಿಡಿಯುತ್ತದೆ, ಕಾವು ಏರುತ್ತದೆ. ನೀಡಲನ್ನು ಮೆಲ್ಲಗೆ ತಳಮುಟ್ಟುವವರೆಗೆ ಮುಚ್ಚಿ (ಬಲ ಹಾಕಿದರೆ ಸೀಟು ಹಾಳು), ಒಂದರಿಂದ ಒಂದೂವರೆ ಸುತ್ತು ಬಿಚ್ಚಿ. ಮುಂದಿನ ಹೊಂದಾಣಿಕೆಯನ್ನು ಬಿಸಿ ಎಂಜಿನ್ನಿನಲ್ಲಿ, ಕೆಲಸ ಕೊಟ್ಟು ನೋಡುತ್ತಲೇ ಮಾಡಬೇಕು. ಕಪ್ಪು ಹೊಗೆ ಬಂದರೆ ಅತಿಯಾಯಿತು. ಖಾಲಿ ಓಟವನ್ನು ಹೊಂದಿಸುವ ಐಡ್ಲಿಂಗ್ ಸ್ಕ್ರೂ ಇದಕ್ಕೆ ವಿರುದ್ಧ: ಅದು ಗಾಳಿಯನ್ನು ತಡೆಯುವುದರಿಂದ ಬಿಗಿದಷ್ಟೂ ಪೆಟ್ರೋಲಿನ ಪಾಲು ಹೆಚ್ಚು. ಮುಖ್ಯ ನೀಡಲನ್ನು ಎಷ್ಟು ತಿರುಗಿಸಿದರೂ ಬದಲಾವಣೆ ಕಾಣದಿದ್ದರೆ ಸೆಡಿಮೆಂಟ್ ಬೌಲ್ (ಪೆಟ್ರೋಲಿನ ಕಸ ತಂಗುವ ಬಟ್ಟಲು) ಮತ್ತು ಕಾರ್ಬುರೇಟರಿನ ಬಾಯಲ್ಲಿರುವ ಜಾಲರಿಗಳನ್ನು ತೆಗೆದು ತೊಳೆಯಿರಿ.

ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಅಂದರೆ ಕಿಡಿ ತಡವಾಗಿ ಹಾರುತ್ತಿದ್ದರೂ, ಇದೇ ಕಾಟ.

ಅಂತರ್ಜಾಲದಲ್ಲಿ ತರಿಸಿದ ಅಗ್ಗದ ನಕಲು ಕಾರ್ಬುರೇಟರ್ ಬಂದ ದಿನವೇ ಸೋರಿತು. ವಾಪಸ್ ಕಳುಹಿಸಿ, ಮೂಲದ ಮಾರ್ವೆಲ್-ಶೆಬ್ಲರ್ ಕಾರ್ಬುರೇಟರನ್ನೇ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿದೆ, ಅದಕ್ಕೆ ಸಾಟಿಯಿಲ್ಲ.

ಇಷ್ಟಾದ ಮೇಲೆ ರೇಡಿಯೇಟರ್. ಅದರ ತೆಳು ತಗಡಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಹುಲ್ಲಿನ ಧೂಳನ್ನು ಎಂಜಿನ್ ಕಡೆಯಿಂದ ಗಾಳಿ ಹೊಡೆದು ತೆಗೆಯಬೇಕು. ಮುಚ್ಚಳ ಚದರ ಇಂಚಿಗೆ 4 ಪೌಂಡ್ ಒತ್ತಡದ್ದೇ ಇರಲಿ. ಹೆಚ್ಚಿನದನ್ನು ಹಾಕಿದರೆ ಹಳೆಯ ಬೆಸುಗೆ ತಾಳದು. ಕಾವಿಗೆ ತಕ್ಕಂತೆ ನೀರಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಮೇಲಿನ ಹೋಸಿನೊಳಗೇ ಕೂತಿರುತ್ತದೆ, ಅದನ್ನು ಕಿತ್ತೆಸೆಯುವ ಸಲಹೆಗೆ ಕಿವಿಗೊಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಮತ್ತು ಆಂಪಿಯರ್ ಮೀಟರುಗಳಿವೆ, ತಾಪಮಾಪಕವಿಲ್ಲ. ನಾನು ಹಾಕಿಸಿಕೊಂಡೆ, ಇಷ್ಟು ಕಡಿಮೆ ಖರ್ಚಿಗೆ ಇಷ್ಟು ನೆಮ್ಮದಿ ಬೇರೆ ಯಾವುದೂ ಕೊಡಲಿಲ್ಲ.

ಈ ಗಾಡಿಯ ದೊಡ್ಡ ಕೊರತೆ ಪಿಟಿಒದ್ದು (ಎಂಜಿನ್ನಿನ ಶಕ್ತಿಯನ್ನು ಕಟಾವು ಯಂತ್ರಕ್ಕೆ ಕೊಡುವ ಶಾಫ್ಟ್): ಕ್ಲಚ್ ಒತ್ತಿದರೆ ಕಟಾವು ಯಂತ್ರವೂ ಎಂಜಿನ್ನಿನಿಂದ ಬೇರ್ಪಡುತ್ತದೆ. ದಟ್ಟ ಹುಲ್ಲಿನಲ್ಲಿ ಗಾಡಿಯನ್ನು ಮಾತ್ರ ನಿಧಾನಿಸುವಂತಿಲ್ಲ. ಮೊದಲ ಗೇರೇ ಗತಿ, ಅದೂ ವೇಗವೇ. ಹುಲ್ಲನ್ನು ಆಳೆತ್ತರ ಬೆಳೆಯಲು ಬಿಡುವವರು ಬೇರೆ ಗಾಡಿ ಕೊಳ್ಳಲಿ.